ಹೀರೋ ರೆಡಿ... ಮನೆ ಬೇಕಾಗಿದೆ!

ಪರದೆಯ ಮೇಲೆ ನಾಯಿ ಬಂದರೆ ಸಾಕು, ನಮ್ಮ ಚಿತ್ರರಸಿಕರು ಕರ್ಚೀಫು ತೆಗೀತಾರೆ. ಶಂಕರ್ ನಾಗ್ ನಟಿಸಿದ ‘ತಾಳಿಯ ಭಾಗ್ಯ’ 1985ರಲ್ಲಿ ಹಿಂದಿಗೆ ಹೋಗಿ ‘ತೇರಿ ಮೆಹರ್‌ಬಾನಿಯಾ’ ಆಯಿತಲ್ಲ, ಆ ಚಿತ್ರ ಅಂದ್ರೆ ಇವತ್ತಿಗೂ ಮೊದಲು ನೆನಪಾಗೋದು ಜಾಕಿ ಶ್ರಾಫ್ ಅಲ್ಲ, ನಾಯಿ! 2022ರ ಜೂನ್ 10ರಂದು ಕಿರಣ್‌ರಾಜ್ ನಿರ್ದೇಶನದ, ರಕ್ಷಿತ್ ಶೆಟ್ಟಿ ಅಭಿನಯದ ‘777 ಚಾರ್ಲಿ’ ಬಂದಾಗಲೂ ಅದೇ ಕಥೆ. ಚಾರ್ಲಿ ಧರ್ಮನ ಮನೆಯಲ್ಲಿ ರಂಪ ಮಾಡಿದಾಗ ನಕ್ಕೆವು, ಕೊನೆಗೆ ಅತ್ತೆವು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಸರಿ, ಆದರೆ ಆ ರಂಪ ನಿಮ್ಮ ಮನೆಯಲ್ಲೇ ನಡೆದರೆ? ಆಗ ನಗೋರು ಎಷ್ಟು ಜನ?

ಗೇಟಿಗೆ ಕಟ್ಟಿದ್ದ ಭೀಮ

ಕಳೆದ ಮಳೆಗಾಲದ ಮಾತು. ಊರಾಚೆಯ ಒಂದು ಶೂಟಿಂಗ್ ಮನೆಯ ಗೇಟಿಗೆ ಯಾರೋ ಪುಣ್ಯಾತ್ಮರು ರಾತ್ರೋರಾತ್ರಿ ಒಂದು ನಾಯಿಯನ್ನು ಕಟ್ಟಿ ಹೋಗಿದ್ದರು. ಮುಕ್ಕಾಲು ಲ್ಯಾಬ್ರಡಾರ್, ಕಾಲು ಭಾಗ ದೇವರಿಗೇ ಗೊತ್ತು! ಕತ್ತಿನಲ್ಲಿ ಹಗ್ಗ ಒತ್ತಿ ಗಾಯ. ಯೂನಿಟ್ಟಿನ ಲೈಟ್‌ಮ್ಯಾನ್ ಅಣ್ಣ ಅದನ್ನು ಬಿಚ್ಚಿ, ಲಗೇಜ್ ಆಟೋದಲ್ಲಿ ಹಾಕ್ಕೊಂಡು ತನ್ನ ವಠಾರದ ಮನೆಗೆ ತಂದ. ಹೆಸರು ಭೀಮ.

ಪಶುವೈದ್ಯರು ಹಲ್ಲು ನೋಡಿ, “ಒಂದೂವರೆ ವರ್ಷ ಇರಬಹುದು” ಅಂದರು. ತೂಕ 34 ಕಿಲೋ! ಲ್ಯಾಬ್ರಡಾರ್ ಜಾತಿ ಬೇಟೆಗಾರರು ಹೊಡೆದ ಹಕ್ಕಿಯನ್ನು ನೀರಿನಲ್ಲಿ ಈಜಿ ತರೋದಕ್ಕೆ ಬೆಳೆಸಿದ್ದು. ದಿನವಿಡೀ ದುಡಿಯುವ ಕಸುವು ರಕ್ತದಲ್ಲೇ ಇದೆ. ಒಂದೂವರೆ ವರ್ಷಕ್ಕೆ ಮೈ ಪೂರ್ತಿ ಬೆಳೆದಿರುತ್ತೆ, ಬುದ್ಧಿ ಮಾಗೋಕೆ ಎರಡು-ಮೂರು ವರ್ಷವಾದರೂ ಬೇಕು. ಪಿಯುಸಿ ಹುಡುಗನ ಹಾಗೆ: ಮೀಸೆ ಬಂದಿದೆ, ನಿದಾನ ಬಂದಿಲ್ಲ. (ಪಿಯುಸಿ ಅರ್ಧಕ್ಕೇ ಬಿಟ್ಟವನು ನಾನು, ನನಗೆ ಗೊತ್ತು!) ಜನ ನಾಯಿಯನ್ನು ಬೀದಿಗೆ ಬಿಡೋದೂ ಹೆಚ್ಚಾಗಿ ಈ ವಯಸ್ಸಿನಲ್ಲೇ. ಮರಿಯಾಗಿದ್ದಾಗ ಮುದ್ದು, ಬೆಳೆದ ಮೇಲೆ ಪೀಡೆ.

ವಠಾರದಲ್ಲಿ ಭೀಮ ಎರಡು ಬಕೆಟ್ ಮುರಿದ, ಒಂದು ಚಾಪೆ ತಿಂದ. ಮನೆ ಓನರಮ್ಮ, “ತಿಂಗಳ ಕೊನೆಗೆ ನಾಯಿ ಹೋಗಬೇಕು, ಇಲ್ಲಾ ನೀವು ಹೋಗಬೇಕು” ಅಂದುಬಿಟ್ಟರು. ಅಣ್ಣ ನನ್ನ ಹತ್ತಿರ ಬಂದ. “ರಿಪೋರ್ಟರ್ ಸಾರ್, ನಿಮಗೆ ನೂರು ಜನ ಪರಿಚಯ. ಒಂದು ಮನೆ ನೋಡಿ ಸಾರ್.”

ಆಡಿಷನ್ ಶುರು!

ಮೊದಲು ಬಂದವರು ಆರನೇ ಮಹಡಿಯ ಅಪಾರ್ಟ್‌ಮೆಂಟ್ ಯಜಮಾನರು. “ಮಗಳು ಚಾರ್ಲಿ ನೋಡಿದಾಗಿನಿಂದ ಒಂದೇ ಹಠ” ಅಂದರು. “ವಾಕಿಂಗ್ ಯಾರು ಕರ್ಕೊಂಡು ಹೋಗ್ತೀರಿ ಸಾರ್?” ಕೇಳಿದೆ. “ಕೆಲಸದವಳು ಇದ್ದಾಳಲ್ಲ!” ಕಟ್!

ಎರಡನೆಯವರು ಗೋಡೌನ್ ಮಾಲೀಕರು. “ಸರಪಳಿ ಹಾಕ್ತೀನಿ, ರಾತ್ರಿ ಬೊಗಳಿದ್ರೆ ಸಾಕು.” ಭೀಮನೋ, ಕಳ್ಳ ಬಂದರೂ ಬಾಲ ಅಲ್ಲಾಡಿಸಿ ಟಾರ್ಚು ಹಿಡಿಯೋ ಜಾತಿ! ಅದೂ ಅಲ್ಲದೆ ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದೆ ಇರೋದು, ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗೋದು, ಎರಡೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಇದು ಎಷ್ಟು ಜನಕ್ಕೆ ಗೊತ್ತು?

ಮೂರನೆಯವರು ಅಜ್ಜ-ಅಜ್ಜಿ. ಬಂಗಾರದಂಥ ಜನ. ಭೀಮ ಪ್ರೀತಿ ಉಕ್ಕಿ ಎರಡು ಕಾಲೆತ್ತಿ ಹಾರಿದ ನೋಡಿ, ಅಜ್ಜಿ ಗೋಡೆಗೆ ಒರಗಿದ್ದಕ್ಕೆ ಉಳಿದರು. ಅಜ್ಜನೇ, “ಬೇಡಪ್ಪ, ಇವಳ ಸೊಂಟ ಮುರಿದರೆ ಇವನನ್ನ ಯಾರು ನೋಡ್ತಾರೆ?” ಅಂದರು. ಕಣ್ಣಲ್ಲಿ ನೀರಿತ್ತು.

ನಾಲ್ಕನೆಯದು ಎರಡು ಎಕರೆ ತೋಟ. “ಇನ್ನೇನು ಬೇಕು? ದೊಡ್ಡ ನಾಯಿಗೆ ದೊಡ್ಡ ಜಾಗ!” ಅಂತ ಎಲ್ಲರೂ ಹಾರಿದರು. ಹೋಗಿ ನೋಡಿದರೆ ಬೇಲಿ ಇಲ್ಲ, ಪಕ್ಕದಲ್ಲೇ ಹೈವೇ. ಯಜಮಾನರು ಬರೋದು ಭಾನುವಾರ ಮಾತ್ರ. ಜೊತೆಗಾರ ಇಲ್ಲದ ನಾಯಿ ಎರಡು ಎಕರೆಯಲ್ಲಿ ತಾನೇ ಓಡಾಡಿಕೊಂಡಿರಲ್ಲ ಸ್ವಾಮಿ. ಗೇಟಿನ ಹತ್ತಿರ ಮಲಗಿ ದಾರಿ ಕಾಯುತ್ತೆ, ಇಲ್ಲಾ ರಸ್ತೆಗೆ ಹೋಗಿ ಲಾರಿಗೆ ಸಿಗುತ್ತೆ.

ತಿಂಗಳ ಕೊನೆಗೆ ಐದೇ ದಿನ. ಅಣ್ಣನ ಹೆಂಡತಿ ಸೋತು, “ಯಾರಿಗಾದ್ರೂ ಕೊಟ್ಬಿಡಿ” ಅಂದರು. ಅಣ್ಣ ತಲೆ ಎತ್ತದೆ ಹೇಳಿದ, “ಹಂಗೆ ಯಾರಿಗೋ ಕೊಟ್ಟಿದ್ದಕ್ಕೇ ಇವನು ಗೇಟಿಗೆ ಬಂದಿದ್ದು.” ನಾನು ಹತ್ತು ವರ್ಷದಲ್ಲಿ ಕೇಳಿದ ಡೈಲಾಗುಗಳಲ್ಲಿ ಇದಕ್ಕಿಂತ ತೂಕದ್ದು ಕಡಿಮೆ.

ಪಿ.ಟಿ. ಮೇಡಂ ಎಂಟ್ರಿ

ಆಗ ಬಂತು ತುಮಕೂರಿನಿಂದ ಒಂದು ಫೋನು. ಹೈಸ್ಕೂಲಿನ ಪಿ.ಟಿ. ಮೇಡಂ. ಮನೆ ಇಪ್ಪತ್ತು-ಮೂವತ್ತರ ಸೈಟಿನಲ್ಲಿ, ಅಷ್ಟೇ! ಬೇರೆಯವರು ಕೇಳಿದ್ದು “ಪೆಡಿಗ್ರಿನಾ? ಕಚ್ಚುತ್ತಾ?” ಅಂತ. ಈಯಮ್ಮ ಕೇಳಿದ್ದೇ ಬೇರೆ. ಇಂಜೆಕ್ಷನ್ ಆಗಿದೆಯಾ? ಒಬ್ಬನೇ ಇದ್ದರೆ ಅಳ್ತಾನಾ? ಬೆಕ್ಕು ಕಂಡರೆ ಏನು ಮಾಡ್ತಾನೆ? ಊಟದ ತಟ್ಟೆ ಮುಟ್ಟಿದರೆ ಗುರ್ ಅಂತಾನಾ? ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಎಳೀತಾನೆ, ಹಾರ್ತಾನೆ, ಚಪ್ಪಲಿ ಕಚ್ತಾನೆ.

“ಬೆಳಿಗ್ಗೆ ಐದೂವರೆಗೆ ನಾನು ಐದು ಕಿಲೋಮೀಟರ್ ಓಡ್ತೀನಿ. ಸಂಜೆ ಗ್ರೌಂಡಿಗೆ ಮಗನ ಜೊತೆ ಬರಲಿ” ಅಂದರು ಮೇಡಂ. ಗಂಡ-ಮಗನನ್ನೂ ಕರ್ಕೊಂಡು ಬಂದು ಎರಡು ಸಲ ಭೀಮನ ಜೊತೆ ನಡೆದರು. ಕತ್ತಿನ ಗಾಯ ನೋಡಿ, ಕೊರಳಪಟ್ಟಿ ಬೇಡ ಅಂತ ಎದೆಗೆ ಹಾಕೋ ಪಟ್ಟಿ ತಂದಿದ್ದರು! ಅಲ್ಲೇ ನನ್ನ ಓಟು ಬಿತ್ತು.

ಆದರೂ ಹದಿನೈದು ದಿನ ಟ್ರಯಲ್ ಅಂತಲೇ ಕೊಟ್ಟೆವು. ಒಂದು ಕಾಗದ ಬರೆದುಕೊಂಡೆವು: ಸಂತಾನಹರಣ ಆಪರೇಷನ್ ಮಾಡಿಸಬೇಕು, ವರ್ಷಾವರ್ಷ ರೇಬಿಸ್ ಲಸಿಕೆ ಹಾಕಿಸಬೇಕು, ಈರುಳ್ಳಿ ಹಾಕಿದ ಹುಳಿ-ಸಾರು ಕೊಡಬಾರದು (ಈರುಳ್ಳಿ ನಾಯಿಗೆ ವಿಷ, ನೆನಪಿರಲಿ), ಹೊಂದದಿದ್ದರೆ ನಮಗೇ ವಾಪಸ್ಸು, ಬೇರೆ ಯಾರಿಗೂ ಕೊಡೋ ಹಾಗಿಲ್ಲ.

ಮೊದಲ ವಾರ ಮೇಡಂ ಶೂ ಒಂದು, ಸೋಫಾ ಕಾಲು ಒಂದು ಹೋಯ್ತು. ಹದಿನಾರನೇ ದಿನ ಫೋನು: “ಕಾಗದ ನಿಮ್ಮ ಹತ್ರಾನೇ ಇರಲಿ. ನಾಯಿ ನಮ್ಮ ಹತ್ರ ಇರ್ತಾನೆ.” ಲೈಟ್‌ಮ್ಯಾನ್ ಅಣ್ಣ ಅವತ್ತು ಸೆಟ್ಟಿಗೆಲ್ಲ ಟೀ ಕೊಡಿಸಿದ.

ಅಂದಹಾಗೆ ಓದುಗರೇ, ದೊಡ್ಡ ನಾಯಿಗೆ ಬೇಕಾದ್ದು ದೊಡ್ಡ ಮನೆ ಅಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಮಳೆ ಇರಲಿ ಹಬ್ಬ ಇರಲಿ, ಜೊತೆಗೆ ಬರೋ ಒಬ್ಬ ಮನುಷ್ಯ. ಚಿತ್ರ ನೋಡಿ ಆಸೆಪಟ್ಟು ನಾಯಿ ತರೋ ಮುಂಚೆ ಮನೆಮಂದಿಯೆಲ್ಲ ಕೂತು ಒಂದೇ ಪ್ರಶ್ನೆ ತೀರ್ಮಾನ ಮಾಡಿ: ಐದೂವರೆಗೆ ಏಳೋರು ಯಾರು?