ನಾಯಿಯ ಕಣ್ಬೇನೆ

ನಾಯಿಯು ಕಣ್ಣಿನ ನೋವನ್ನು ಕೂಗಿ ಹೇಳುವುದು ಅಪರೂಪ. ಬೆಳಕಿನಿಂದ ಮುಖ ತಿರುಗಿಸಿ, ಒಂದು ಕಣ್ಣನ್ನು ಅರ್ಧ ಮುಚ್ಚಿಕೊಂಡು, ಸುಮ್ಮನೆ ಮಲಗಿಬಿಡುತ್ತದೆ. ಆದುದರಿಂದ ಶ್ರೋತೃಗಳು ಮೊದಲು ಅದರ ಎರಡು ಕಣ್ಣುಗಳನ್ನೂ ಹೋಲಿಸಿ ನೋಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಬೆಳಗಿನ ಹೊತ್ತು ಕಣ್ಣಿನ ಮೂಲೆಯಲ್ಲಿ ಕಾಣುವ ತುಸು ಪಿಸುರು ರೋಗವಲ್ಲ. 7-8 ವರ್ಷ ದಾಟಿದ ನಾಯಿಯ ಪಾಪೆಯೊಳಗೆ ನೀಲಿ ಮಂಜು ತೋರಿದರೆ ಅದು ಬಹುಮಟ್ಟಿಗೆ ಮುಪ್ಪಿನ ಗುರುತು. ದೃಷ್ಟಿಯು ಅಷ್ಟಾಗಿ ಕೆಡದು. ಹಾಲಿನಂತೆ ಬೆಳ್ಳಗಾದರೆ ಪೊರೆಯಿದ್ದೀತು. ಜೊತೆಗೆ ನೀರಡಿಕೆಯೂ ಮೂತ್ರವೂ ಹೆಚ್ಚಿದ್ದರೆ ಮಧುಮೇಹವನ್ನು ಶಂಕಿಸತಕ್ಕದ್ದು.

ನಾಳೆಗೆ ಇಡಬಾರದ ಕಣ್ಣು ಬೇರೆ. ಕೆಂಪಾಗಿ, ಮೇಲ್ಪದರವು ಮಬ್ಬಾಗಿ, ಹಿಗ್ಗಿದ ಪಾಪೆಯು ಬೆಳಕಿಗೂ ಕುಗ್ಗದಿದ್ದರೆ ಒಳಗಿನ ಒತ್ತಡವು ಏರಿರಬಹುದು. ಗ್ಲಾಕೋಮವೆಂಬ ಈ ಬೇನೆಯಲ್ಲಿ ಒಂದೆರಡು ದಿನದೊಳಗೇ, ಕೆಲವು ವೇಳೆ ಕೆಲವೇ ಗಂಟೆಗಳಲ್ಲಿ, ದೃಷ್ಟಿಯು ಮರಳದಂತೆ ಹೋಗುವುದುಂಟು. ಪಗ್, ಪೆಕಿನೀಸ್ ಮೊದಲಾದ ಚಪ್ಪಟೆ ಮೂತಿಯ ಜಾತಿಗಳಲ್ಲಿ ಕಣ್ಣಿನ ಗೂಡು ಆಳವಿಲ್ಲದ್ದರಿಂದ, ಕಾದಾಟದಲ್ಲಿ ಗುಡ್ಡೆಯೇ ಹೊರಬೀಳಬಹುದು. ಆಗ ಅದನ್ನು ಒಳಕ್ಕೆ ತಳ್ಳದೆ, ಸಲೈನಿನಲ್ಲಿ ತೊಯ್ಸಿದ ಶುದ್ಧವಾದ ಬಟ್ಟೆಯನ್ನು ಮುಚ್ಚಿ, ಆ ಕ್ಷಣವೇ ಪಶುವೈದ್ಯರಲ್ಲಿಗೆ ಹೊರಡಬೇಕು.

ಕಪಾಟಿನಲ್ಲಿ ಉಳಿದ ತಮ್ಮದೇ ಕಣ್ಣಿನ ಔಷಧವನ್ನು ನಾಯಿಗೂ ಹಾಕುವವರು ಕಡಮೆಯಿಲ್ಲ, ಪ್ರೀತಿಯಿಂದಲೇ ಹಾಕುತ್ತಾರೆ! ಅಂಥ ಎಷ್ಟೋ ಹನಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು ಇಳಿಯುವುದೇನೋ ಸರಿ. ಆದರೆ ಕಾರ್ನಿಯದ ಮೇಲೆ ಗೀರುಹುಣ್ಣಿದ್ದರೆ ಅದು ಮಾಯದೆ ಆಳಕ್ಕಿಳಿದು ಗುಡ್ಡೆಯು ತೂತಾದೀತು. ಇಂಥ ಹುಣ್ಣು ಅನೇಕ ವೇಳೆ ಬರಿಗಣ್ಣಿಗೆ ಕಾಣದು. ವೈದ್ಯರು ಫ್ಲೋರೆಸೀನ್ ಎಂಬ ಬಣ್ಣವನ್ನು ಸೋಕಿಸಿದಾಗ ಹಸುರಾಗಿ ಹೊಳೆಯುತ್ತದೆ. ಆ ಪರೀಕ್ಷೆಯು ಕೆಲವೇ ನಿಮಿಷಗಳದು. ಅಲ್ಲಿಗೆ ತಲಪುವವರೆಗೆ ನಾಯಿಯು ಕಣ್ಣುಜ್ಜಿಕೊಳ್ಳದಂತೆ ಕೊರಳಿಗೆ ಅಗಲವಾದ ರಟ್ಟಿನ ಕವಚವನ್ನು ಕಟ್ಟಿದರೆ ಸಾಕು.