ಹಿಮ ಮುರಿಯುವ ಹಡಗಿನ ಎರಡು ಲೋಹದ ಮೈ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೀವು ನೋಡಿರಬಹುದು. ಹಿತ್ತಾಳೆ ಬಲ ಕೊಡುತ್ತದೆ. ಒಳಗಿನ ತವರದ ಲೇಪ ಅಡುಗೆ ಕಿಲುಬದಂತೆ ಕಾಯುತ್ತದೆ. ಹೀಗೆ ಎರಡು ಲೋಹಗಳಿಗೆ ಕೆಲಸ ಹಂಚುವ ಉಪಾಯ ಆರ್ಕ್ಟಿಕ್ ಸಾಗರದ ಹಡಗುಗಳಲ್ಲೂ ಉಂಟು.

ಹಿಮಭಂಜಕ, ಅಂದರೆ ಐಸ್‌ಬ್ರೇಕರ್ ಹಡಗು, ಮಂಜುಗಡ್ಡೆಯ ಮೇಲೆ ಮೂತಿಯನ್ನೇರಿಸಿ ತನ್ನ ಭಾರದಿಂದಲೇ ಅದನ್ನು ಮುರಿಯುತ್ತದೆ. ಮುರಿದ ಗಡ್ಡೆಗಳು ಹಡಗಿನ ಮೈ ಉಜ್ಜುತ್ತಾ ಸಾಗಿದಾಗ ಬಣ್ಣ ಕಿತ್ತುಹೋಗುತ್ತದೆ. ಉಪ್ಪುನೀರು ತಗಲಿದ ಉಕ್ಕು ತುಕ್ಕು ಹಿಡಿಯುತ್ತದೆ. ಆ ತುಕ್ಕನ್ನೂ ಗಡ್ಡೆಗಳು ಕೆರೆದು ಹೊಸ ಉಕ್ಕನ್ನು ಬಯಲಿಗಿಡುತ್ತವೆ. ತಗಡು ಸವೆದು ಒರಟಾಗುತ್ತದೆ. ಘರ್ಷಣೆ ಹೆಚ್ಚಿ, ಅಷ್ಟೇ ದೂರ ಸಾಗಲು ಹೆಚ್ಚು ಶಕ್ತಿ ಬೇಕಾಗುತ್ತದೆ.

ಹಾಗಾದರೆ ಇಡೀ ಹಡಗನ್ನು ಸ್ಟೇನ್‌ಲೆಸ್ ಸ್ಟೀಲಿನಿಂದಲೇ ಕಟ್ಟಬಾರದೇಕೆ? ಅದು ಬಲು ದುಬಾರಿ. ಬಲಕ್ಕೆ, ಕಡುಚಳಿಯಲ್ಲೂ ಬಿರಿಯದ ವಿಶೇಷ ಹಡಗು-ಉಕ್ಕು ಸಾಕು. ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಪದರವನ್ನು ಬೆಸೆಯುತ್ತಾರೆ. ಇದೇ ಕ್ಲ್ಯಾಡ್ ಉಕ್ಕು. ಎರಡನ್ನೂ ಕಾಯಿಸಿ ರೋಲರುಗಳ ನಡುವೆ ಒತ್ತುವುದು ಒಂದು ವಿಧಾನ. ಸ್ಫೋಟಕ ಸಿಡಿಸಿ ಒಂದನ್ನು ಮತ್ತೊಂದಕ್ಕೆ ಅಪ್ಪಳಿಸುವುದು ಇನ್ನೊಂದು! ಸ್ಟೇನ್‌ಲೆಸ್‌ನಲ್ಲಿರುವ ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರಿದರೂ ಪೊರೆ ಮತ್ತೆ ಮೂಡುತ್ತದೆ.

ರಷ್ಯದ ಪರಮಾಣು ಹಿಮಭಂಜಕ '50 ಲೆತ್ ಪಬೇದಿ'ಯ ನಿರ್ಮಾಣ 1989ರಲ್ಲಿ ಅಂದಿನ ಲೆನಿನ್‌ಗ್ರಾಡಿನಲ್ಲಿ ಆರಂಭವಾಗಿ 2007ರಲ್ಲಿ ಮುಗಿಯಿತು. ಗಡ್ಡೆ ಉಜ್ಜುವ ಮಟ್ಟದಲ್ಲಿ ಅದಕ್ಕೆ 5 ಮೀಟರ್ ಅಗಲದ ಸ್ಟೇನ್‌ಲೆಸ್ ಪಟ್ಟಿಯಿದೆ.

ಆದರೆ ಈ ರಕ್ಷಣೆಯಲ್ಲೇ ಅಪಾಯವೊಂದು ಅಡಗಿದೆ. ಒಂದಕ್ಕೊಂದು ತಾಗಿದ ಎರಡು ಲೋಹಗಳು, ಸುತ್ತ ಉಪ್ಪುನೀರು: ನಿಮ್ಮ ಪ್ರಯೋಗಶಾಲೆಯ ವಿದ್ಯುತ್ಕೋಶ ನೆನಪಾಯಿತೆ? ಸ್ಟೇನ್‌ಲೆಸ್ ಪಟ್ಟಿ ಇಲ್ಲಿ ಕ್ಯಾಥೋಡ್, ಪಕ್ಕದ ಸಾದಾ ಉಕ್ಕು ಆನೋಡ್. ಕರಗುವುದು ಆನೋಡ್. ಪಟ್ಟಿ ದೊಡ್ಡದಾಗಿದ್ದು ಬಣ್ಣ ಕಿತ್ತ ಜಾಗ ಚಿಕ್ಕದಾಗಿದ್ದರಂತೂ ಕೊರೆತವೆಲ್ಲ ಆ ಒಂದೇ ಜಾಗದಲ್ಲಿ ನಡೆದು, ಉಕ್ಕು ಬೇಗನೆ ಸವೆಯುತ್ತದೆ. ಇದನ್ನು ತಡೆಯಲು ಹಡಗಿನ ಮೈಯಿಂದ ಬೇರ್ಪಡಿಸಿ ಅಳವಡಿಸಿದ ಆನೋಡುಗಳ ಮೂಲಕ ಏಕಮುಖ ವಿದ್ಯುತ್ ಹರಿಸಿ, ಇಡೀ ಮೈಯನ್ನೇ ಕ್ಯಾಥೋಡ್ ಆಗಿಸುತ್ತಾರೆ.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಕಬ್ಬಿಣದ ಮೊಳೆಗೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿ ಉಪ್ಪುನೀರಿನ ಲೋಟದಲ್ಲಿಡಿ. ಬರಿ ಮೊಳೆಯನ್ನು ಇನ್ನೊಂದು ಲೋಟದಲ್ಲಿಡಿ. ಯಾವುದು ಮೊದಲು ತುಕ್ಕು ಹಿಡಿಯಿತೆಂದು ದಿನವೂ ಬರೆದಿಟ್ಟುಕೊಳ್ಳಿ.