ಬೆನ್ನಿಗೂ ಭಾರಕ್ಕೂ ಎಷ್ಟು ಗೇಣು?

ಕ್ಯಾಮೆರಾ ಚೀಲ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ: ‘ಎಷ್ಟು ಲೀಟರಿನದು ಬೇಕು ಸಾರ್?’ ಹಾಲಿಗೋ ಪೆಟ್ರೋಲಿಗೋ ಈ ಪ್ರಶ್ನೆ ಸರಿ. ಬೆನ್ನೇರುವ ವಸ್ತುವಿಗೆ ಲೀಟರಿನ ಲೆಕ್ಕ ಅರ್ಧ ಸತ್ಯ. ನಾನೂ ಒಮ್ಮೆ ‘ಮೂವತ್ತು’ ಎಂದು ಗತ್ತಿನಿಂದ ಹೇಳಿ ಚೆಂದದ ಕಪ್ಪು ಚೀಲವೊಂದನ್ನು ತಂದೆ. ಕ್ಯಾಮೆರಾ, ಲೆನ್ಸು, ಚಾರ್ಜರು ಎಲ್ಲವೂ ಅದರ ಗೂಡುಗಳಲ್ಲಿ ಅಚ್ಚುಕಟ್ಟಾಗಿ ಕೂತವು. ಮುಳ್ಳೋಡಿಯಿಂದ ಕುದುರೆಮುಖ ಶಿಖರದ ದಾರಿ ಹಿಡಿದು ಎರಡು ಗಂಟೆ ಕಳೆಯುವಷ್ಟರಲ್ಲಿ ಬಲಗೈ ಜೋಮು ಹಿಡಿಯಿತು. ಹಳ್ಳ ದಾಟಿ ಶೋಲಾ ಕಾಡಿನ ನೆರಳಿಗೆ ಹೊಕ್ಕಾಗ ಎದುರಿನ ಕೊಂಬೆಯಲ್ಲೇ ಮಲಬಾರ್ ಟ್ರೋಗನ್ ಕೂತಿತ್ತು. ಜಿಪ್ ಎಳೆಯಲು ಬೆರಳು ಮಾತು ಕೇಳಲಿಲ್ಲ. ಹಕ್ಕಿ ಸಾಕಷ್ಟು ಹೊತ್ತು ಕಾದು ಹಾರಿಹೋಯಿತು.

ಆ ಜೋಮಿಗೆ ಕಾರಣವಿದೆ. ಕುತ್ತಿಗೆಯಿಂದ ಹೊರಟು ಕಂಕುಳ ಮೂಲಕ ಕೈಗೆ ಇಳಿಯುವ ನರಗಳ ಕಟ್ಟೊಂದು ಹೆಗಲಿನ ಹತ್ತಿರವೇ ಹಾದುಹೋಗುತ್ತದೆ. ಹೆಗಲಪಟ್ಟಿ ಗಂಟೆಗಟ್ಟಲೆ ಅದನ್ನು ಒತ್ತಿದರೆ ಕೈ ಮರಗಟ್ಟುತ್ತದೆ, ಅತಿಯಾದರೆ ತೋಳಿನ ಬಲವೇ ಕುಗ್ಗುತ್ತದೆ. ಭಾರ ಹೊತ್ತು ನಡೆಯುವ ಸೈನಿಕರಲ್ಲಿ ಹೆಚ್ಚಾಗಿ ಕಾಣಿಸುವ ಇದಕ್ಕೆ ವೈದ್ಯರು ‘ರಕ್‌ಸ್ಯಾಕ್ ಪಾಲ್ಸಿ’ ಎಂದೇ ಹೆಸರಿಟ್ಟಿದ್ದಾರೆ.

ನಾನು ಹೊತ್ತದ್ದಾದರೂ ಎಷ್ಟು? ಮನೆಗೆ ಬಂದು ತಕ್ಕಡಿಗೆ ಹಾಕಿದೆ. ನಿಕಾನ್ ಡಿ850 ಬ್ಯಾಟರಿ ಸಮೇತ ಒಂದು ಕೆ.ಜಿ. ಹಕ್ಕಿ ಹುಚ್ಚಿನವರು ಇಷ್ಟಪಡುವ 200–500 ಲೆನ್ಸು 2.3 ಕೆ.ಜಿ. ಇನ್ನೊಂದು ಸಣ್ಣ ಲೆನ್ಸು, ಫ್ಲ್ಯಾಶು ಸೇರಿ ಒಂದು. ಟ್ರೈಪಾಡ್ ಎರಡು. ನೀರು ಒಂದು. ಬುತ್ತಿ, ರೇನ್‌ಕೋಟು ಅರ್ಧ. ಯಾರೂ ಲೆಕ್ಕಕ್ಕೆ ಹಿಡಿಯದ ಖಾಲಿ ಚೀಲದ್ದೇ ಎರಡು! ಹತ್ತಿರ ಹತ್ತಿರ ಹತ್ತು ಕೆ.ಜಿ. ಶಾಲಾಮಕ್ಕಳ ಚೀಲ ಅವರ ದೇಹತೂಕದ ಶೇ. 10ನ್ನು ಮೀರಬಾರದೆಂದು ಕೇಂದ್ರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ಎಪ್ಪತ್ತು ಕೆ.ಜಿ. ತೂಗುವ ನಾನು ಶೇ. 14ರಷ್ಟು ಹೊತ್ತು, ಅದೂ ಗುಡ್ಡ ಹತ್ತುತ್ತಿದ್ದೆ. ಆದರೂ ದೊಡ್ಡವರಿಗೆ ಹತ್ತು ಕೆ.ಜಿ. ಅಂಥ ಹೊರೆಯೇನಲ್ಲ. ತೊಂದರೆಯಿದ್ದದ್ದು ತೂಕದಲ್ಲಲ್ಲ, ಅದು ತೂಗಿಬಿದ್ದ ಜಾಗದಲ್ಲಿ.

ತುಂಬಿದ ಬಿಂದಿಗೆಯನ್ನು ಎದೆಗವುಚಿ ಹಿಡಿಯಿರಿ, ಆಮೇಲೆ ಅದನ್ನೇ ಕೈಚಾಚಿ ಹಿಡಿಯಿರಿ. ನೀರು ಅಷ್ಟೇ, ಕೈ ಮಾತ್ರ ಸೋತುಹೋಗುತ್ತದೆ. ಸನ್ನೆಕೋಲಿನ ನಿಯಮವಿದು: ಎಳೆತ ಎಷ್ಟೆಂಬುದನ್ನು ತೂಕ ಒಂದೇ ನಿರ್ಧರಿಸುವುದಿಲ್ಲ, ತೂಕವನ್ನು ದೂರದಿಂದ ಗುಣಿಸಬೇಕು. ಬೆನ್ನಚೀಲವೂ ಒಂದು ಸನ್ನೆಕೋಲೇ. ಹತ್ತು ಕೆ.ಜಿ. ಚೀಲದ ಭಾರಕೇಂದ್ರ ನಮ್ಮ ದೇಹದ ನಡುಗೆರೆಯಿಂದ 20 ಸೆಂ.ಮೀ. ಹಿಂದಿದೆ ಎನ್ನಿ. ಗುಣಿಸಿದರೆ 200. ಅದನ್ನು ಸರಿದೂಗಿಸಲು ಎಪ್ಪತ್ತು ಕೆ.ಜಿ.ಯ ದೇಹ ಸುಮಾರು 3 ಸೆಂ.ಮೀ. ಮುಂದಕ್ಕೆ ಸರಿಯಬೇಕು, ಇಲ್ಲವಾದರೆ ಅಂಗಾತ ಬೀಳುತ್ತೇವೆ. ಚೀಲ ಜೋತುಬಿದ್ದು ಭಾರಕೇಂದ್ರ 30 ಸೆಂ.ಮೀ. ಹಿಂದಕ್ಕೆ ಹೋದರೆ ದೇಹ 4 ಸೆಂ.ಮೀ.ಗೂ ಹೆಚ್ಚು ಬಾಗಬೇಕು. ಆ ಬಾಗನ್ನು ದಿನವಿಡೀ ಹಿಡಿದಿಡುವುದು ಸೊಂಟ ಮತ್ತು ಕುತ್ತಿಗೆಯ ಸ್ನಾಯುಗಳು. ಸಂಜೆ ಎಣ್ಣೆ ತಿಕ್ಕಿಸಿಕೊಳ್ಳುವುದೂ ಅವೇ.

ಈ ಗುಣಾಕಾರ ತಲೆಗೆ ಹೊಕ್ಕ ಮೇಲೆ ಚೀಲಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಟ್ರೈಪಾಡನ್ನು ಚೀಲದ ಹೊರಮೈಯ ನಟ್ಟನಡುವೆ ಕಟ್ಟುವ ಪಟ್ಟಿಗಳು ಫೋಟೋದಲ್ಲಿ ಸೊಗಸಾಗಿ ಕಾಣುತ್ತವೆ. ಆದರೆ ಅಲ್ಲಿ ಎರಡು ಕೆ.ಜಿ.ಯ ಟ್ರೈಪಾಡ್ ನಡುಗೆರೆಯಿಂದ 35 ಸೆಂ.ಮೀ. ದೂರ ಹೋಗಿ 70ರಷ್ಟು ಹಿಂದಕ್ಕೆಳೆಯುತ್ತದೆ. ಬೆನ್ನಿಗಂಟಿ 16 ಸೆಂ.ಮೀ. ದೂರದಲ್ಲಿ ಕೂತ ಕ್ಯಾಮೆರಾ ಮತ್ತು ದೊಡ್ಡ ಲೆನ್ಸು ಎರಡೂ ಸೇರಿ 3.3 ಕೆ.ಜಿ. ತೂಗಿದರೂ ಅವುಗಳ ಎಳೆತ 53 ಮಾತ್ರ. ಹಗುರವಾದದ್ದೇ ಹೆಚ್ಚು ಕಾಡುತ್ತದೆ. ಟ್ರೈಪಾಡನ್ನು ಒಂದು ಪಕ್ಕಕ್ಕೆ ಕಟ್ಟಿ, ಇನ್ನೊಂದು ಪಕ್ಕದ ಜೇಬಿಗೆ ನೀರಿನ ಬಾಟಲಿ ಹಾಕಿದರೆ ಈ ಜಗಳ ಮುಕ್ಕಾಲು ಪಾಲು ಮುಗಿಯುತ್ತದೆ. ಅಂಗಡಿಯಲ್ಲಿ ಲೀಟರು ಕೇಳುವ ಮೊದಲು ಚೀಲದ ದಪ್ಪವನ್ನು ಗೇಣಿನಲ್ಲಿ ಅಳೆಯಿರಿ. ಅಗಲ, ಎತ್ತರ ಸ್ವಲ್ಪ ಹೆಚ್ಚಿದ್ದರೂ ಸರಿ, ದಪ್ಪ ಒಂದು ಗೇಣು ದಾಟಿದರೆ ನನಗೆ ಅನುಮಾನ.

ಇನ್ನು ಹೆಗಲು. ಪಟ್ಟಿ ಹೆಗಲಿಗೆ ತಾಗುವ ಜಾಗ ಒಂದೊಂದು ಕಡೆ ಸುಮಾರು 70 ಚದರ ಸೆಂ.ಮೀ. ಎಂದುಕೊಳ್ಳಿ. ಹತ್ತು ಕೆ.ಜಿ. ಪೂರ್ತಿ ಅಲ್ಲೇ ಕೂತರೆ ಚರ್ಮದ ಮೇಲಿನ ಒತ್ತಡ, ಬಿ.ಪಿ. ನೋಡುವ ಅಳತೆಯಲ್ಲೇ ಹೇಳುವುದಾದರೆ, ಸುಮಾರು 50 ಮಿ.ಮೀ. ಪಾದರಸ. ಚರ್ಮದ ಅತಿ ಸಣ್ಣ ರಕ್ತನಾಳಗಳು 30ರ ಆಸುಪಾಸಿನಲ್ಲೇ ಮುಚ್ಚಿಕೊಳ್ಳತೊಡಗುತ್ತವೆ. ಪಟ್ಟಿ ತೆಗೆದಾಗ ಹೆಗಲ ಮೇಲೆ ಉಳಿಯುವ ಕೆಂಪು ಬರೆಯ ಗುಟ್ಟು ಇದೇ. ಚೀಲದ ಮೂರನೇ ಎರಡು ಪಾಲು ತೂಕವನ್ನು ಸೊಂಟಕ್ಕೆ ವರ್ಗಾಯಿಸಿದರೆ ಅದೇ ಒತ್ತಡ 17ಕ್ಕೆ ಇಳಿಯುತ್ತದೆ.

ಬಾವಿಯಿಂದ ನೀರು ತರುವ ಹೆಂಗಸರು ಕೊಡವನ್ನು ಸೊಂಟಕ್ಕೆ ಏರಿಸಿಕೊಳ್ಳುವುದೂ ಇದಕ್ಕೇ. ಸೊಂಟದ ಎರಡೂ ಪಕ್ಕ ಕೈಗೆ ಸಿಗುವ ಮೂಳೆಯ ಏಣು ದೇಹದಲ್ಲೇ ಸಿದ್ಧವಾಗಿರುವ ಒಂದು ಕಟ್ಟೆ. ಅಲ್ಲಿ ಕೂತ ಭಾರ ಬೆನ್ನುಮೂಳೆಗೆ ಹೋಗದೆ ನೇರ ಕಾಲಿಗೆ ಇಳಿಯುತ್ತದೆ. ಅಮೆರಿಕದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾಡಿ ಮಾರತೊಡಗಿದ. ಸೊಂಟಪಟ್ಟಿ ಚಾರಣಿಗರಲ್ಲಿ ಮನೆಮಾತಾಗಲು ಅವನ ಚೀಲಗಳು ಬಹುಮಟ್ಟಿಗೆ ಕಾರಣ. ಚೌಕಟ್ಟಿಲ್ಲದೆ ಸೊಂಟಪಟ್ಟಿ ಕೆಲಸ ಮಾಡದು ಎಂಬುದನ್ನು ಇಲ್ಲಿ ಗಮನಿಸಬೇಕು. ಮೇಲಿನ ಭಾರವನ್ನು ಕೆಳಗೆ ತಲುಪಿಸಲು ಬಿಗಿಯಾದ ಕಂಬವೊಂದು ಬೇಕಲ್ಲ!

ಹೆಚ್ಚಿನ ಕ್ಯಾಮೆರಾ ಚೀಲಗಳು ಎಡವುವುದು ಇಲ್ಲೇ. ಅವು ಬೆನ್ನಿನ ಕಡೆಯಿಂದ ತೆರೆದುಕೊಳ್ಳುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ಹಿಂದೆ ನಿಂತವರು ಜಿಪ್ ಎಳೆಯಲಾರರು, ಕೆಸರಿನಲ್ಲಿಟ್ಟರೂ ಬೆನ್ನಿಗೆ ತಾಗುವ ಭಾಗ ಮೇಲೆ ಒಣಗಿಯೇ ಇರುತ್ತದೆ, ತೂಕದ ಸಾಮಾನೂ ಬೆನ್ನಿಗೆ ಹತ್ತಿರ. ಎಲ್ಲ ಒಳ್ಳೆಯದೇ. ಆದರೆ ಬೆನ್ನಿನ ಭಾಗವೇ ಬಾಗಿಲಾದ ಮೇಲೆ ಕಂಬ ನೆಡುವುದೆಲ್ಲಿ? ಹಾಗಾಗಿ ಅನೇಕ ತಯಾರಕರು ಚೌಕಟ್ಟನ್ನು ತೆಳುಗೊಳಿಸಿ, ಎರಡು ಬೆರಳಗಲದ ಲಾಡಿಯೊಂದನ್ನು ಹೊಲಿದು ಅದನ್ನೇ ಸೊಂಟಪಟ್ಟಿ ಎನ್ನುತ್ತಾರೆ. ಅದು ಚೀಲ ಅಲ್ಲಾಡದಂತೆ ತಡೆದೀತು, ಭಾರ ಹೊರದು. ದಿನಕ್ಕೆ ಐದಾರು ಕಿ.ಮೀ. ಮೀರಿ ನಡೆಯುವವರು ಒಳ್ಳೆಯ ಚಾರಣದ ಚೀಲ ಕೊಂಡು, ಅದರೊಳಗೆ ಕ್ಯಾಮೆರಾ ಗೂಡಿನ ಮೆತ್ತನೆ ಪೆಟ್ಟಿಗೆಯನ್ನು ಇಳಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮದುವೆ ಮನೆಯ ಛಾಯಾಗ್ರಾಹಕರಿಗೆ ಈ ಮಾತು ಅನ್ವಯಿಸದು. ಅವರಿಗೆ ಬೇಗ ತೆರೆಯುವ ಚೀಲವೇ ಬೇಕು.

ಚೀಲದ ಅಳತೆಗೆ ನಿಮ್ಮ ಎತ್ತರ ಮುಖ್ಯವಲ್ಲ, ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯ ಗಂಟಿನಿಂದ ಸೊಂಟದ ಏಣಿನ ಮಟ್ಟದವರೆಗೆ ಟೇಪು ಹಿಡಿಸಿ. ಬಹಳಷ್ಟು ಜನರಿಗೆ ಅದು 40ರಿಂದ 50 ಸೆಂ.ಮೀ. ಒಳಗೆ ಬರುತ್ತದೆ. ಆರಡಿ ಎತ್ತರದವನ ಬೆನ್ನು ಐದೂವರೆ ಅಡಿಯವನದಕ್ಕಿಂತ ಗಿಡ್ಡವಿರುವುದೂ ಉಂಟು. ಹೊತ್ತುಕೊಳ್ಳುವಾಗ ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಮೊದಲು ಸೊಂಟಪಟ್ಟಿಯನ್ನು ಏಣಿನ ಮೇಲೆ ಬಿಗಿಯಿರಿ, ಆಮೇಲೆ ಹೆಗಲು, ಕೊನೆಗೆ ಎದೆಪಟ್ಟಿ. ಮುಖ್ಯವಾಗಿ, ಅಂಗಡಿಗೆ ಹೋಗುವಾಗ ನಿಮ್ಮ ಸಾಮಾನನ್ನು ಒಯ್ಯಿರಿ. ಖಾಲಿ ಚೀಲ ಯಾರ ಬೆನ್ನಿಗಾದರೂ ಚೆನ್ನಾಗಿಯೇ ಕೂರುತ್ತದೆ.

ಭಾರ ಹೊರುವ ವಿದ್ಯೆಯಲ್ಲಿ ವಿಜ್ಞಾನಿಗಳನ್ನೇ ಬೆರಗುಗೊಳಿಸಿದವರಿದ್ದಾರೆ. 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಕೀನ್ಯಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ದೇಹತೂಕದ ಶೇ. 20ರಷ್ಟು ಹೊರೆಯನ್ನು ಹೆಚ್ಚಿನ ಶಕ್ತಿ ಖರ್ಚಿಲ್ಲದೆ ಹೊರುತ್ತಿದ್ದರು. ಲುವೊ ಹೆಂಗಸರದು ತಲೆಹೊರೆ, ಕಿಕುಯು ಹೆಂಗಸರದು ಹಣೆಗೆ ಪಟ್ಟಿ ಕೊಟ್ಟು ಹೊರುವ ಬೆನ್ನಹೊರೆ. ತಲೆಹೊರೆಯ ಎಲ್ಲರಿಗೂ ಈ ಲಾಭ ಸಿಗುವುದಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಅಭ್ಯಾಸ, ನಡಿಗೆ ಎಲ್ಲ ಸೇರಿದ ಕಸುಬು ಅದು. ಸಿಂಬೆಯ ಮೇಲೆ ಹುಲ್ಲಿನ ಹೊರೆ ಇಟ್ಟು ಗದ್ದೆಯ ಬದುವಿನಲ್ಲಿ ಸರಸರನೆ ನಡೆಯುತ್ತಿದ್ದ ನಮ್ಮ ಅಜ್ಜಿಯರ ಭಾರ ದೇಹದ ನಡುಗೆರೆಯ ಮೇಲೆಯೇ ಇರುತ್ತಿತ್ತು. ದೂರ ಸೊನ್ನೆಯಾದ್ದರಿಂದ ಗುಣಿಸಿದ್ದೂ ಸೊನ್ನೆ!

ನಡೆಯುವಾಗ ನಾವು ಹೆಜ್ಜೆಗೊಮ್ಮೆ ಸುಮಾರು 5 ಸೆಂ.ಮೀ. ಮೇಲೆದ್ದು ಇಳಿಯುತ್ತೇವೆ, ಚೀಲವನ್ನೂ ಎತ್ತಿ ಇಳಿಸುತ್ತೇವೆ. ಅಮೆರಿಕದ ಜೀವವಿಜ್ಞಾನಿ ಲಾರೆನ್ಸ್ ರೋಮ್ ಈ ಕುಲುಕಾಟದಿಂದಲೇ 7 ವಾಟ್‌ವರೆಗೆ ವಿದ್ಯುತ್ ತೆಗೆಯುವ ಚೀಲವನ್ನು 2005ರಲ್ಲಿ ತೋರಿಸಿದರು. ಮರುವರ್ಷ, ರಬ್ಬರಿನಂಥ ಹಗ್ಗಗಳಿಂದ ಹೊರೆಯನ್ನು ತೂಗುಬಿಟ್ಟರೆ ನಡೆಯುವವರ ಶ್ರಮ ಕಡಿಮೆಯಾಗುತ್ತದೆಂದು ತೋರಿಸಿದರು. ಬಾಗುವ ಬಿದಿರಿನ ಅಡ್ಡೆಯ ಎರಡು ತುದಿಗೆ ಹೊರೆ ಕಟ್ಟಿ, ಅದರ ತೂಗಾಟಕ್ಕೆ ಹೆಜ್ಜೆ ಹೊಂದಿಸಿ ನಡೆಯುವವರನ್ನು ಕಂಡವರಿಗೆ ಈ ಹಗ್ಗದ ಉಪಾಯ ತೀರಾ ಅಪರಿಚಿತ ಎನಿಸಲಾರದು.

ಚೀಲ ಬಿದ್ದರೆ? ಒಂದು ಮೀಟರ್ ಎತ್ತರದಿಂದ ಬಿದ್ದ ಕ್ಯಾಮೆರಾ 2 ಮಿ.ಮೀ. ಒಳಗೆ ನಿಂತರೆ ಅದರ ಮೇಲಿನ ಹೊಡೆತ ಅದರ ತೂಕದ 500 ಪಟ್ಟು. 2 ಸೆಂ.ಮೀ. ದೂರದಲ್ಲಿ ನಿಧಾನವಾಗಿ ನಿಂತರೆ 50 ಪಟ್ಟು. ಚೀಲದೊಳಗಿನ ಫೋಮು ಮಾಡುವುದು ಇಷ್ಟೇ, ನಿಲ್ಲಲು ಜಾಗ ಕೊಡುತ್ತದೆ. ಹೆಬ್ಬೆರಳಲ್ಲಿ ಒತ್ತಿ ನೋಡಿ. ಬೆರಳು ನೇರ ತಳ ಮುಟ್ಟಿದರೆ ಅದು ತೀರಾ ಮೃದು, ಒಂಚೂರೂ ಒಳಗಿಳಿಯದಿದ್ದರೆ ತೀರಾ ಗಡಸು. ಎರಡೂ ಬೇಡ. ಬಟ್ಟೆಯ ಮೇಲೆ ಬರೆದಿರುವ ‘ಡೆನಿಯರ್’ ಎಂದರೆ 9000 ಮೀಟರ್ ನೂಲಿನ ತೂಕ, ಗ್ರಾಂನಲ್ಲಿ. 1000 ಡೆನಿಯರ್ ನೂಲು ಒಂಬತ್ತು ಕಿ.ಮೀ.ಗೆ ಒಂದು ಕೆ.ಜಿ. ಅದು ನೂಲಿನ ದಪ್ಪ ಹೇಳುತ್ತದೆಯೇ ಹೊರತು ನೇಯ್ಗೆಯ ಗುಣವನ್ನಲ್ಲ. ಸಂಖ್ಯೆ ದೊಡ್ಡದಾದಷ್ಟೂ ಚೀಲ ಒಳ್ಳೆಯದೆಂದು ಹಿಗ್ಗಿದರೆ ಆ ತೂಕವನ್ನೂ ಹೊರುವವರು ನಾವೇ.

ಮಲೆನಾಡಿನ ಮಳೆ ಬೇರೆಯೇ ಪರೀಕ್ಷೆ. ಬಟ್ಟೆ ನೀರು ತಡೆದರೂ ಹೊಲಿಗೆಯ ಸೂಜಿತೂತು, ಜಿಪ್ಪಿನ ಹಲ್ಲು ತಡೆಯವು. ಮಳೆಗವಸು ಹೊದಿಸಿದರೂ ಬೆನ್ನಿನ ಕಡೆ ತೆರೆದೇ ಇರುತ್ತದೆ, ಅಲ್ಲಿಂದ ಬೆವರು ಮತ್ತು ಕೊರಳಿಂದ ಇಳಿದ ನೀರು ಒಳಸೇರುತ್ತವೆ. ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಲೇಪದ ರಾಸಾಯನಿಕ ಕೊಂಡಿಗಳನ್ನು ತೇವವೇ ವರ್ಷಗಳಲ್ಲಿ ಬಿಡಿಸುತ್ತದೆ. ಹಳೆಯ ಚೀಲದ ಒಳಗೆ ಕೈಹಾಕಿದರೆ ಅಂಟಂಟಾಗಿ, ಹುಳಿವಾಸನೆ ಬರುವುದು ಇದರಿಂದ. ಕರಾವಳಿಯವರಿಗೆ ಇದು ಚಿರಪರಿಚಿತ.

ಇದಕ್ಕಿಂತ ದೊಡ್ಡ ಶತ್ರು ಬೂಷ್ಟು. ಗಾಳಿಯ ತೇವಾಂಶ ಶೇ. 60–65 ದಾಟಿ ಬಹುದಿನ ಹಾಗೇ ಉಳಿದರೆ ಲೆನ್ಸಿನ ಗಾಜಿನ ಮೇಲೆ ಜೇಡನ ಬಲೆಯಂಥ ಎಳೆಗಳು ಹಬ್ಬುತ್ತವೆ, ಅವು ಬಿಡುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ತೇವಾಂಶ ಶೇ. 90 ಮೀರುವುದು ಸಾಮಾನ್ಯ. ಚೀಲದೊಳಗಿನ ಮೆತ್ತನೆ ಗೂಡು ಆ ತೇವವನ್ನು ಕುಡಿದು ಇಟ್ಟುಕೊಂಡು ಕೂರುತ್ತದೆ, ಮೇಲೆ ಕತ್ತಲು ಬೇರೆ. ಎಷ್ಟು ದುಡ್ಡು ಕೊಟ್ಟ ಚೀಲವಾದರೂ ಅದು ಸಾಗಿಸಲು ಮಾತ್ರ, ಇಟ್ಟು ಮರೆಯಲು ಅಲ್ಲ. ಮನೆಗೆ ಬಂದೊಡನೆ ಲೆನ್ಸುಗಳು ಸಿಲಿಕಾ ಜೆಲ್ ಹಾಕಿದ, ಮುಚ್ಚಳ ಬಿಗಿಯಾದ ಡಬ್ಬಿಗೆ ಹೋಗಬೇಕು. ಅಕ್ಕಿಡಬ್ಬಿಯಲ್ಲಿ ಹೂತಿಡುವ ಸಲಹೆ ಕೊಡುವವರಿದ್ದಾರೆ. ಅಕ್ಕಿ ಹೀರುವ ತೇವ ಅಷ್ಟಕ್ಕಷ್ಟೆ, ಕೊಡುವ ಹುಡಿಯೇ ಹೆಚ್ಚು. ಹಾಗೆಯೇ ಎ.ಸಿ. ಕಾರಿನಿಂದ ಇಳಿದ ತಕ್ಷಣ ಚೀಲ ತೆರೆಯಬೇಡಿ. ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಇಬ್ಬನಿಯಾಗಿ ಕೂರುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಟ್ಟರೆ ಅದೇ ಫೋಮು ಕಂಬಳಿಯಂತೆ ಕೆಲಸ ಮಾಡಿ ಕ್ಯಾಮೆರಾವನ್ನು ನಿಧಾನಕ್ಕೆ ಬೆಚ್ಚಗಾಗಿಸುತ್ತದೆ.

ಈಗ ನನ್ನ ಬಳಿ ಇರುವುದು ಬೂದುಬಣ್ಣದ, ಅಂದಗೆಟ್ಟ, ಚೌಕಟ್ಟಿರುವ ಚೀಲ. ಹೊಲಿಗೆಯಂಗಡಿಯವರು ಅದರ ಸೊಂಟಪಟ್ಟಿಯನ್ನು ಎರಡು ಸಲ ರಿಪೇರಿ ಮಾಡಿದ್ದಾರೆ. ಕಾಡಿನಿಂದ ಬಂದ ಮಾರನೇ ದಿನ ಎಲ್ಲ ಗೂಡುಗಳನ್ನೂ ಬಿಚ್ಚಿ ಅಂಗಳದ ತಂತಿಗೆ ನೇತುಹಾಕುತ್ತೇನೆ. ಕಳೆದ ಸಲ ಹಾಗೆ ಕೊಡವುವಾಗ ಎದೆಪಟ್ಟಿಯ ಮಡಿಕೆಯಿಂದ ಉಂಬಳವೊಂದು ಕೆಳಗೆ ಬಿತ್ತು, ಇನ್ನೂ ಜೀವಂತವಾಗಿ.